ಜೋಪಾನಕ್ಕೆ ಇಟ್ಟವರು

ನಾನು ಅಬೂ ಖಲ್ದೂನ್ ಮೇಷ್ಟರ ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬ್ಲೇಡು ಹಚ್ಚುವ ಹೊತ್ತಿಗೆ ಆ ಹೆಂಗಸು ಅಂಗಡಿಯ ಬಾಗಿಲಿಗೆ ಬಂದಳು. ನಮ್ಮ ನಿರಾಶ್ರಿತರ ಶಿಬಿರದ ಹೆಂಗಸರು ಕ್ಷೌರದಂಗಡಿಯೊಳಗೆ ಕಾಲಿಡುವುದಿಲ್ಲ. ಗಂಡನನ್ನೋ ಮಗನನ್ನೋ ಕರೆಯಬೇಕಿದ್ದರೆ ಬೀದಿಯಿಂದಲೇ ಕೂಗುತ್ತಾರೆ. ಇವಳು ಹೊಸ್ತಿಲು ದಾಟಿ ನೇರ ಒಳಗೆ ಬಂದು ನಿಂತಳು.

“ಖಬರಸ್ತಾನದ ಸಮಿತಿಯವರು ಇಲ್ಲಿ ಸಿಗ್ತಾರೆ ಅಂದ್ರು.”

“ಅಧ್ಯಕ್ಷರು ಸೋಪಿನ ಕೆಳಗಿದ್ದಾರೆ. ಕಾರ್ಯದರ್ಶಿ ನಾನು. ಏನಮ್ಮಾ ವಿಷಯ?” ಎಂದೆ.

“ನಮ್ಮ ಯಜಮಾನರು ಹೋಗಿಬಿಟ್ರು. ಬೆಳಿಗ್ಗೆ ಚಹಾ ಕುಡಿದು ಲೋಟ ಕೆಳಗಿಟ್ರು. ಲೋಟ ಎತ್ತೋಕೆ ಬಂದೆ, ಮಾತಿಲ್ಲ.”

ಅವಳ ದನಿ ನಡುಗಲಿಲ್ಲ. ಅತ್ತು ಮುಗಿಸಿ ಬಂದಿದ್ದಳೋ, ಅಳುವುದನ್ನು ಆಮೇಲಕ್ಕೆ ಎತ್ತಿಟ್ಟಿದ್ದಳೋ ಗೊತ್ತಾಗಲಿಲ್ಲ. ಮೇಷ್ಟರು ಸೋಪಿನ ಮುಖದಲ್ಲೇ ನೆಟ್ಟಗೆ ಕೂತು, ನಾವೆಲ್ಲ ದೇವರವರು, ಅವನಲ್ಲಿಗೇ ಹಿಂದಿರುಗುವವರು ಎಂದು ಹೇಳಿದರು. ಬ್ಲೇಡು ಕೆಳಗಿಟ್ಟು ನಾನೂ ಹೇಳಿದೆ.

ಅವಳ ಹೆಸರು ರುವೈದಾ. ದಮಾಸ್ಕಸ್ಸಿನ ಯರ್ಮೂಕ್ ಶಿಬಿರ ಯುದ್ಧದಲ್ಲಿ ಹಾಳಾದ ಮೇಲೆ ಗಂಡನ ಜೊತೆ ಗಡಿ ದಾಟಿ ಲೆಬನಾನಿಗೆ ಬಂದವಳು. ರೊಟ್ಟಿ ಭಟ್ಟಿಯ ಹಿಂದೆ ಒಂದು ಹಳೆಯ ಗ್ಯಾರೇಜಿದೆ, ಅಲ್ಲಿ ಸಂಸಾರ. ಗಂಡ ಮಾಮೂನ್ ನೆಲಕ್ಕೆ ಟೈಲ್ಸ್ ಹಾಕುವವನು. ಮಾತು ಕಡಿಮೆ. ನನ್ನ ಹತ್ತಿರ ಒಂದೆರಡು ಸಲ ತಲೆ ಕೊಟ್ಟು ಕೂತಿದ್ದ. ನಮ್ಮ ಹಾಗೆಯೇ ಅವರೂ ಪ್ಯಾಲೆಸ್ಟೀನಿನಿಂದ ಓಡಿಸಿಕೊಂಡವರ ಮಕ್ಕಳು. ಆದರೂ ಶಿಬಿರದಲ್ಲಿ ಅವರಿಗೆ ಸಿರಿಯಾದವರು ಅಂತಲೇ ಹೆಸರು.

“ಇಳಿಹೊತ್ತಿನ ಅಸರ್ ನಮಾಜಿಗೆ ಜಾಗ ಬೇಕು. ಬಿಸಿಲು ನೋಡಿ, ನಾಳೆವರೆಗೆ ಇಡೋಹಾಗಿಲ್ಲ,” ಎಂದಳು.

ಮೇಷ್ಟರು ನನ್ನ ಮುಖ ನೋಡಿದರು. ನಾನು ಕನ್ನಡಿ ನೋಡಿದೆ.

ನಮ್ಮ ಖಬರಸ್ತಾನದಲ್ಲಿ ಜಾಗವಿಲ್ಲ ಎಂಬುದು ಶಿಬಿರದ ಬೆಕ್ಕುಗಳಿಗೂ ಗೊತ್ತಿರುವ ವಿಷಯ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೈನ್ಯದ ತಪಾಸಣೆ ಠಾಣೆ, ಮಿಕ್ಕ ಕಡೆ ಬೇರೆಯವರ ಕಿತ್ತಳೆ ತೋಟ. ಹೊರಗೆ ಒಂದು ಗೇಣು ನೆಲ ಕೊಳ್ಳೋಣವೆಂದರೆ ಈ ದೇಶದ ಕಾನೂನು ನಮಗೆ ಬಿಡುವುದಿಲ್ಲ. ಬದುಕಿರುವವರೇನೋ ಮಹಡಿಯ ಮೇಲೆ ಮಹಡಿ ಎತ್ತಿಕೊಂಡು ಹೇಗೋ ಇದ್ದೇವೆ. ಸತ್ತವರಿಗೆ ಮಹಡಿ ಕಟ್ಟುವುದು ಹೇಗೆ?

ಅದಕ್ಕೇ ಹೋದ ವಸಂತದಲ್ಲಿ ನಾವು ಸಮಿತಿಯವರು ಮಸೀದಿಯಲ್ಲಿ ಕೂತು ಒಂದು ನಿಯಮ ಮಾಡಿದೆವು. ಮೂವತ್ತು ವರ್ಷ ದಾಟಿದ ಗೋರಿಯನ್ನು ತೆರೆದು, ಇದ್ದ ಮೂಳೆಗಳನ್ನು ಮರ್ಯಾದೆಯಿಂದ ಒಂದು ಪಕ್ಕಕ್ಕೆ ಸರಿಸಿ, ಹೊಸಬರನ್ನು ಮಲಗಿಸಬಹುದು. ಗತಿಯಿಲ್ಲದಾಗ ಧರ್ಮವೂ ಇದನ್ನು ಒಪ್ಪುತ್ತದೆ. ಗಂಡಸರೆಲ್ಲ ಹೂಂಗುಟ್ಟಿದರು. ಆಗ ಮಸೀದಿಯ ಬಾಗಿಲ ಕಡೆಯಿಂದ ನನ್ನ ತಾಯಿಯ ದನಿ ಕೇಳಿಸಿತು.

“ನನ್ನ ಗಂಡನ ಮೇಲೆ ಗುದ್ದಲಿ ಎತ್ತೋನು ಯಾರು? ಮುಂದೆ ಬರ್ಲಿ, ಮುಖ ನೋಡ್ತೀನಿ. ನನ್ನ ಗಂಡನನ್ನ ನಾನು ಹೂತಿಲ್ಲ. ಜೋಪಾನಕ್ಕೆ ಇಟ್ಟಿದ್ದೀನಿ.”

ಅದು ಸುಳ್ಳಲ್ಲ. ಅಪ್ಪ ಸತ್ತಾಗ ಅವರನ್ನು ಬರಿಯ ಕಫನ್ ಬಟ್ಟೆಯಲ್ಲಿ ಸುತ್ತಿ ಮಣ್ಣಿಗೆ ಕೊಡಲಿಲ್ಲ. ಹಲಗೆಯ ಪೆಟ್ಟಿಗೆ ಮಾಡಿಸಿದೆವು. ಗೋರಿಯ ಬಾಯಲ್ಲಿ ನಿಂತು ಪ್ಯಾಲೆಸ್ಟೀನಿನ ನಮ್ಮೂರಿನ ಹಿರಿಯರೊಬ್ಬರು ಸಾಕ್ಷಿಗಳ ಮುಂದೆ ಮಣ್ಣಿಗೆ ಹೇಳಿದರು: ಇವನು ಐನ್ ಸುಮ್ಮಾಕಿನವನು, ನಿನ್ನವನಲ್ಲ. ದಾರಿ ತೆರೆದ ದಿನ ಬಂದು ಎತ್ತಿಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಜೋಪಾನ. ನಮ್ಮವರಲ್ಲಿ ಹೀಗೆ ಇಡುವ ಪದ್ಧತಿ ಊರು ಬಿಟ್ಟು ಓಡಿಬಂದಾಗಿನಿಂದ ಇದೆ, ಎಲ್ಲರೂ ಮಾಡುವುದಿಲ್ಲ. ಅಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗೋರಿಯನ್ನು ಇಬ್ಬರಿಗಾಗುವಷ್ಟು ಅಗಲ ತೋಡಿಸಿದ್ದಳು. ನಡುವೆ ಒಂದು ಸಾಲು ಇಟ್ಟಿಗೆ, ಆಚೆ ಬದಿ ಅವಳದು. ಹೋಗುವಾಗ ಇಬ್ಬರೂ ಒಟ್ಟಿಗೆ ಹೋಗುತ್ತೇವೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಮದುವೆಯಾಗಿ ಒಂದು ಸುಗ್ಗಿಯನ್ನೂ ಆ ಊರಿನಲ್ಲಿ ಪೂರ್ತಿ ನೋಡದೆ ಓಡಿಬಂದ ಹುಡುಗಿ ಅವಳು.

ಅವಳ ಬಾಯಿಗೆ ಹೆದರಿ, ಅವಳ ಮಾತಿಗೂ ಬೆಲೆ ಕೊಟ್ಟು, ನಿಯಮಕ್ಕೆ ಒಂದು ಸಾಲು ಸೇರಿಸಿದೆವು: ಜೋಪಾನಕ್ಕೆ ಇಟ್ಟವರ ಗೋರಿ ತೆರೆಯತಕ್ಕದ್ದಲ್ಲ. ಅಲ್ಲಿಗೆ ಕೆಟ್ಟಿತು. ಮುಂದಿನ ಶುಕ್ರವಾರ ಬರುವಷ್ಟರಲ್ಲಿ ಖಬರಸ್ತಾನದಲ್ಲಿದ್ದವರೆಲ್ಲ ಜೋಪಾನದವರಾಗಿಬಿಟ್ಟರು. ಜನ ನನ್ನ ಅಂಗಡಿಯ ಮುಂದೆ ಸಾಕ್ಷಿ ಕರಕೊಂಡು ಸಾಲುಗಟ್ಟಿದರು. ಊರಿನ ಹೆಸರೆತ್ತಿದರೆ ಉಗಿಯುತ್ತಿದ್ದ, ಮೀನು ಮಾರುತ್ತಿದ್ದ ಸಲೀಬಿ ಜೋಪಾನದವನಂತೆ. ಪ್ಯಾಲೆಸ್ಟೀನನ್ನು ಕಣ್ಣಲ್ಲೂ ಕಾಣದೆ ಇಲ್ಲೇ ಪಕ್ಕದ ಪೇಟೆಯಲ್ಲಿ ಹುಟ್ಟಿ ಬೆಳೆದು ನಮ್ಮವರನ್ನು ಮದುವೆಯಾಗಿ ಬಂದ ಮುದುಕಿಯೂ ಜೋಪಾನದವಳಂತೆ. “ಅವಳನ್ನ ಎಲ್ಲಿಗೆ ವಾಪಸು ಕಳಿಸೋದಪ್ಪಾ?” ಎಂದು ಕೇಳಿದರೆ ಅವಳ ಮಗ ನನ್ನ ಮೇಲೆ ಕೈ ಎತ್ತಿಕೊಂಡು ಬಂದ.

ಸುಳ್ಳು ಅಂತ ಹೇಳಬಹುದಿತ್ತು. ಯಾರಿಗೆ ಹೇಳುವುದು? ನಿನ್ನಪ್ಪ ಇನ್ನು ಇಲ್ಲಿಯವನೇ, ಎಲ್ಲಿಗೂ ಹೋಗುವುದಿಲ್ಲ ಎಂದು ಒಬ್ಬನ ಮುಖಕ್ಕೆ ಹೇಳುವ ಎದೆ ಈ ಶಿಬಿರದಲ್ಲಿ ಯಾರಿಗಿದೆ? ಮೇಷ್ಟರಿಗಿರಲಿಲ್ಲ, ನನಗಂತೂ ಇರಲಿಲ್ಲ. ಎಲ್ಲರದಕ್ಕೂ ಹೂಂ ಅಂದೆವು. ಆಮೇಲೆ ಸತ್ತವರನ್ನು ಗೋಡೆಯ ಬುಡದಲ್ಲಿ, ಕಾಲುದಾರಿಯ ಕೆಳಗೆ ತುರುಕುತ್ತ ಬಂದೆವು. ಹಿಂದಿನ ವಾರ ಗೋಡೆಯ ಬುಡವೂ ಮುಗಿದಿತ್ತು.

ಇದನ್ನೆಲ್ಲ ರುವೈದಾಳಿಗೆ ಹೇಗೆ ಬಿಡಿಸಿ ಹೇಳುವುದು? ಮೇಷ್ಟರು ಟವೆಲಿನಿಂದ ಸೋಪು ಒರೆಸಿಕೊಳ್ಳುತ್ತ, ಸೈದಾ ಪಟ್ಟಣದ ಹತ್ತಿರದ ಶಿಬಿರದಲ್ಲಿ ವಿಚಾರಿಸೋಣ ಎಂದರು. ಅದಕ್ಕೆ ಪರವಾನಗಿ ಬೇಕು, ಆಂಬುಲೆನ್ಸ್ ಬೇಕು, ಅಲ್ಲಿಯವರು ಒಪ್ಪಬೇಕು ಎಂದೆ ನಾನು. ಸಮಿತಿ ಒಂದು ಸಲ ಕೂತು ಯೋಚಿಸಲಿ ಎಂದರು. ಸಮಿತಿ ಕೂತೇ ಇದೆ, ಅರ್ಧ ಗಡ್ಡದಲ್ಲಿ ಕೂತಿದೆ ಎಂದೆ.

ಅವಳು ನಮ್ಮಿಬ್ಬರನ್ನೂ ನೋಡುತ್ತಿದ್ದವಳು ಗೋಡೆಯ ಕಡೆ ತಿರುಗಿದಳು. ಕನ್ನಡಿಯ ಮೇಲೆ ವಿಶ್ವಸಂಸ್ಥೆಯ ನೂರಾ ತೊಂಬತ್ತನಾಲ್ಕನೇ ನಿರ್ಣಯದ ಹನ್ನೊಂದನೇ ಪ್ಯಾರಾ ಕಟ್ಟು ಹಾಕಿಸಿ ತೂಗುಬಿಟ್ಟಿದ್ದೇನೆ. ಶಿಬಿರದ ಅರ್ಧ ಅಂಗಡಿಗಳಲ್ಲಿ ಅದಿದೆ. ಅವಳು ಓದಲಿಲ್ಲ, ಬಾಯಿಪಾಠ ಒಪ್ಪಿಸಿದಳು.

“ತಮ್ಮ ಮನೆಗಳಿಗೆ ಮರಳಿ ನೆರೆಹೊರೆಯವರ ಜೊತೆ ಶಾಂತಿಯಿಂದ ಬಾಳಲು ಬಯಸುವ ನಿರಾಶ್ರಿತರಿಗೆ, ಆದಷ್ಟು ಬೇಗ ಅದಕ್ಕೆ ಅವಕಾಶ ಕೊಡತಕ್ಕದ್ದು.” ನಮ್ಮ ಕಡೆ ತಿರುಗಿ, “ನಮ್ಮ ಶಾಲೇಲೂ ಇದನ್ನೇ ಕಲಿಸಿದ್ರು. ಇವರಿಗೂ ಕಲಿಸಿದ್ರು. ಅಲ್ಲಿ ಇರೋವರೆಗೂ ಪ್ಯಾಲೆಸ್ಟೀನಿನವರು ಅಂತಿದ್ರು. ಇಲ್ಲಿ ಬಂದ್ರೆ ಸಿರಿಯಾದವರು ಅಂತೀರ. ಇರ್ಲಿ. ಹೂಳೋಕೆ ಯಾವೂರಿನವರು ಅಂತ ಹೇಳ್ಲಿ ಹೇಳಿ, ಅದನ್ನೇ ಹೇಳ್ತೀನಿ,” ಎಂದಳು.

ನನಗೆ ಮುಖ ಎಲ್ಲಿಟ್ಟುಕೊಳ್ಳುವುದೋ ತಿಳಿಯಲಿಲ್ಲ. ಮೇಷ್ಟರು ಮೆಲ್ಲಗೆ, “ಲುತ್ಫಿ, ನಿಮ್ಮಪ್ಪನ ಪಕ್ಕ ಖಾಲಿ ಇದೆಯಲ್ಲೋ,” ಎಂದರು.

ಅವರ ಬಾಯಿಂದ ಆ ಮಾತು ಬರುತ್ತದೆ ಎಂದು ಗೊತ್ತಿತ್ತು. ಆದರೂ ರಕ್ತ ತಲೆಗೇರಿತು. “ಖಾಲಿ ಇಲ್ಲ. ಅದು ಅಮ್ಮಂದು. ಪರಪುರುಷನೊಬ್ಬ ಅಲ್ಲಿ ಮಲಗಿದ ಮೇಲೆ ಅವಳನ್ನ ಅಲ್ಲಿ ಇಡೋಹಾಗಿಲ್ಲ, ನಿಮಗೆ ನಾನು ಹೇಳಬೇಕಾ ಮೇಷ್ಟ್ರೇ?”

“ಗೊತ್ತು. ಆದ್ರೆ ಇಡೀ ಖಬರಸ್ತಾನದಲ್ಲಿ ಯಾರ ಮೂಳೇನೂ ಅಲುಗಿಸದೆ ಇಡಬಹುದಾದ ಜಾಗ ಅದೊಂದೇ.”

“ನಮಗೆ ಏಳನೇ ಕ್ಲಾಸಲ್ಲಿ ನೀವೇ ಹೇಳಿಕೊಟ್ಟಿದ್ದು. ಹಿಂದಿರುಗೋ ಹಕ್ಕು ಒಬ್ಬೊಬ್ಬರದು ಒಬ್ಬೊಬ್ಬರಿಗೆ. ಅದನ್ನ ಅಧ್ಯಕ್ಷನೂ ಬಿಟ್ಟುಕೊಡೋಹಾಗಿಲ್ಲ, ಸಮಿತೀನೂ ಬಿಟ್ಟುಕೊಡೋಹಾಗಿಲ್ಲ. ಅಮ್ಮಂದನ್ನ ನಾನು ಹೇಗೆ ಬಿಟ್ಟುಕೊಡ್ಲಿ?”

“ನಿರ್ಣಯದಲ್ಲಿ ಗೋರಿ ಮಾತಿಲ್ವಲ್ಲೋ. ಮರಳಿ ಬಾಳೋರಿಗೆ ಅಂತಿದೆ. ಸತ್ತೋರು ಅದರಲ್ಲಿ ಬರಲ್ಲ.”

“ಯಾಕೆ ಬರಲ್ಲ? ನೆರೆಹೊರೆಯವರ ಜೊತೆ ಶಾಂತಿಯಿಂದ ಬಾಳೋರು ಸತ್ತೋರಿಗಿಂತ ಇನ್ಯಾರಿದ್ದಾರೆ?” ಎಂದೆ.

ಮೇಷ್ಟರು ನಕ್ಕುಬಿಟ್ಟರು, ಆಮೇಲೆ ಸಾವಿನ ಮನೆಯವಳು ಎದುರಿಗಿದ್ದಾಳೆಂದು ನೆನಪಾಗಿ ಬಾಯಿ ಮುಚ್ಚಿಕೊಂಡರು. ರುವೈದಾ ನಗಲೂ ಇಲ್ಲ, ಬೇಸರವನ್ನೂ ತೋರಿಸಲಿಲ್ಲ. “ಅಮ್ಮ ಅಂದ್ರೆ ನಿಮ್ಮ ತಾಯಿ ಇದ್ದಾರಾ? ಬದುಕಿದ್ದಾರಾ?” ಎಂದಷ್ಟೇ ಕೇಳಿದಳು.

ಬದುಕಿದ್ದಾಳೆ ಎಂದೆ. ಅಂಗಡಿಯ ಹಿಂದಿನ ಸಂದಿಯಲ್ಲೇ ನಮ್ಮ ಮನೆ.

ಅಮ್ಮ ಬಾಗಿಲಲ್ಲಿ ತಟ್ಟೆ ಇಟ್ಟುಕೊಂಡು ಚನ್ನಂಗಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಎಂಬತ್ತು ದಾಟಿದೆ, ಕಣ್ಣು ಮಂಜು. ಬೆರಳುಗಳಿಗೆ ಮಾತ್ರ ಕಲ್ಲು ಯಾವುದು ಬೇಳೆ ಯಾವುದು ಎಂದು ತಿಳಿಯುತ್ತದೆ. ಮೇಷ್ಟರ ಮುಖ ನೋಡಿದವಳೇ, “ಏನು ಮೇಷ್ಟ್ರೇ, ಉಳಿದರ್ಧ ಗಡ್ಡ ಯಾರಿಗೆ ಮೀಸಲು?” ಎಂದಳು. ಅವರ ಹಿಂದಿದ್ದ ರುವೈದಾಳನ್ನು ಕಂಡು ತಟ್ಟೆಯಿಂದ ಕೈ ತೆಗೆದಳು.

ನಾನು ಹೇಗೆ ಶುರು ಮಾಡಲಿ ಎಂದು ತಡವರಿಸುತ್ತಿದ್ದೆ. ಗಂಡ ತೀರಿಹೋದ ಸುದ್ದಿಯನ್ನು ಮಾತ್ರ ಮೇಷ್ಟರು ಹೇಳಿದರು. ಅಮ್ಮ ತಟ್ಟೆ ಬದಿಗಿಟ್ಟು ರುವೈದಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಯಾವೂರು ನಿಮ್ಮದು?”

“ಯರ್ಮೂಕ್, ಹಜ್ಜಾ,” ಎಂದಳು, ಹಿರಿಯಳೆಂಬ ಮರ್ಯಾದೆಗೆ.

“ಅದು ಶಿಬಿರ. ಊರು ಕೇಳ್ದೆ.”

“ದೇರ್ ಖರ್ರೂಬ್. ಸಫದ್ ಕಡೆ. ಇವರ ಅಪ್ಪ ಅಲ್ಲಿ ಹುಟ್ಟಿದ್ದು. ಇವರು ನೋಡಿಲ್ಲ.”

“ಸಫದ್ ಕಡೆಯೋರು ಜಿಪುಣರು ಅಂತಿದ್ಲು ನಮ್ಮತ್ತೆ.”

“ನಮ್ಮತ್ತೆ ಜಿಪುಣಿನೇ,” ಎಂದಳು ರುವೈದಾ. ಅಮ್ಮನ ತುಟಿಯಲ್ಲಿ ನಗು ಬಂದಿತ್ತು. ಅಷ್ಟರಲ್ಲಿ ನನ್ನ ಮುಖದ ಮೇಲೆ ಅವಳ ಕಣ್ಣು ಬಿತ್ತು. ಮಬ್ಬುಗಣ್ಣಿಗೂ ನನ್ನ ಮುಖದಲ್ಲಿ ಏನೋ ಕಾಣಿಸಿರಬೇಕು. ಅವಳು ಹಿಡಿದಿದ್ದ ಕೈ ಬಿಟ್ಟಳು.

“ಓ. ಹಾಗೋ,” ಎಂದಳು. “ಇವಳನ್ನ ಮುಂದಿಟ್ಟುಕೊಂಡು ಬಂದಿದ್ದೀರಾ. ಎಲ್ಲರ ಕಣ್ಣೂ ನನ್ನ ಜಾಗದ ಮೇಲೆ. ಹೋದ ವರ್ಷ ಕಟುಕರ ಹೆಂಗಸು ಬಂದು, ಹಜ್ಜಾ, ಹೆಂಗೂ ಖಾಲಿ ಬಿದ್ದಿದೆಯಲ್ಲ ಅಂದ್ಲು. ಬೈದು ಅಟ್ಟಿದೆ. ಈಗ ಹೊಟ್ಟೇಲಿ ಹುಟ್ಟಿದ ಮಗನೇ ಬಂದಿದ್ದಾನೆ. ನಾನಿನ್ನೂ ಸತ್ತಿಲ್ಲ ಕಣೋ.”

“ನಾನೇನೂ ಕೇಳಿಲ್ಲವಲ್ಲಮ್ಮ.”

“ಕೇಳೋಕೆ ಧೈರ್ಯ ಇಲ್ಲದೆ ನಿಂತಿದ್ದೀಯ. ನಿಮ್ಮಪ್ಪನ ಹಾಗೆ. ಅವರೂ ಹಿಂಗೇ ಬಾಯಿಬಿಡದೆ ನಿಲ್ಲೋರು.”

ಅಪ್ಪ ಬಾಯಿಬಿಡದೆ ನಿಂತದ್ದನ್ನು ನಾನು ಕಂಡವನಲ್ಲ. ಅವರು ಬೆಲ್ಟು ಬಿಚ್ಚಿದ್ದೇ ನನಗೆ ನೆನಪಿರುವುದು. ಆದರೆ ಅದನ್ನು ಹೇಳುವ ಹೊತ್ತಲ್ಲ.

ರುವೈದಾ ಎದ್ದಳು. ಚಾದರ ಸರಿಮಾಡಿಕೊಂಡಳು. “ಹಜ್ಜಾ, ನಿಮ್ಮ ಜಾಗದ ವಿಷಯ ನಂಗೆ ಇವರಿಬ್ಬರು ಮಾತಾಡೋವರೆಗೂ ಗೊತ್ತಿರಲಿಲ್ಲ. ನಾನು ಕೇಳೋಕೆ ಬಂದವಳಲ್ಲ. ನಮ್ಮ ಗ್ಯಾರೇಜಿನ ನೆಲ ಮಣ್ಣಿಂದೇ. ಅವರೇ ಟೈಲ್ಸ್ ಹಾಕ್ತೀನಿ ಅಂತಿದ್ರು, ಹಾಕಿರಲಿಲ್ಲ. ಒಳ್ಳೇದೇ ಆಯ್ತು. ಅಲ್ಲೇ ಅಗೀತೀನಿ. ಗುದ್ದಲಿ ಇದ್ರೆ ಕೊಡಿ, ಸಂಜೆ ವಾಪಸು ತಂದುಕೊಡ್ತೀನಿ.”

ಬೆದರಿಕೆಯ ಮಾತಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು. ಅವಳು ನಿಜವಾಗಿಯೂ ಗುದ್ದಲಿಗಾಗಿ ಮೂಲೆಯಲ್ಲಿ ಕಣ್ಣಾಡಿಸುತ್ತಿದ್ದಳು. ಶಿಬಿರಕ್ಕೆ ಮುತ್ತಿಗೆ ಬಿದ್ದಿದ್ದ ವರ್ಷಗಳಲ್ಲಿ ನಮ್ಮವರೂ ಮನೆಯೊಳಗೆ, ಮಸೀದಿಯೊಳಗೆ ಹೂಳಿದ್ದರು. ಆಮೇಲೆ ಅದೇ ನೆಲದ ಮೇಲೆ ಕೂತು ಊಟ ಮಾಡಿದ ಹೆಂಗಸರನ್ನು ಅಮ್ಮ ಬಲ್ಲಳು. ಆ ಹೆಂಗಸರಲ್ಲಿ ಒಬ್ಬಳು ಅವಳ ತಂಗಿ.

“ಕೂತ್ಕೋ,” ಎಂದಳು ಅಮ್ಮ.

“ಹೊತ್ತಾಗತ್ತೆ, ಹಜ್ಜಾ. ಅವರಿಗೆ ನೀರು ಹಾಕಿಸಬೇಕು.”

“ಕೂತ್ಕೋ ಅಂದೆ.”

ಕೂತಳು. ಅಮ್ಮ ತಟ್ಟೆಯನ್ನು ಮತ್ತೆ ಮಡಿಲಿಗೆಳೆದುಕೊಂಡು ಬೇಳೆಯಲ್ಲಿ ಬೆರಳಾಡಿಸತೊಡಗಿದಳು. ನಾವು ಮೂವರೂ ಅವಳ ಬೆರಳುಗಳನ್ನೇ ನೋಡುತ್ತ ಇದ್ದೆವು. ಕಲ್ಲು ಸಿಕ್ಕಿದರೂ ಎತ್ತುತ್ತಿರಲಿಲ್ಲ.

“ಮೇಷ್ಟ್ರೇ, ಆ ಪೇಪರಿನ ವಿಷಯ ಹೇಳ್ತಿರ್ತೀರಲ್ಲ. ಒಬ್ಬರ ಹಕ್ಕನ್ನ ಇನ್ನೊಬ್ಬರು ಬಿಟ್ಟುಕೊಡೋಹಾಗಿಲ್ಲ ಅಂತ.”

“ಹೌದು, ಹಜ್ಜಾ.”

“ಎಷ್ಟೇ ದೊಡ್ಡ ಮನುಷ್ಯ ಆದ್ರೂ?”

“ಎಷ್ಟೇ ದೊಡ್ಡ ಮನುಷ್ಯ ಆದ್ರೂ.”

“ನಂದನ್ನ ನಾನು ಬಿಡಬಹುದಲ್ಲ?”

ಮೇಷ್ಟರು ಅರ್ಧ ಬೋಳಿಸಿದ ಗಡ್ಡ ಸವರಿಕೊಂಡರು. ಜನ್ಮವಿಡೀ ಆ ಒಂದು ಪ್ಯಾರಾವನ್ನು ಮಕ್ಕಳಿಗೆ ಬಿಡಿಸಿ ಬಿಡಿಸಿ ಹೇಳಿದವರು ಅವರು. ಹಕ್ಕು ಮಕ್ಕಳು ಮೊಮ್ಮಕ್ಕಳಿಗೂ ಬರುತ್ತದೆ, ಪರಿಹಾರ ತೆಗೆದುಕೊಂಡರೂ ಹೋಗುವುದಿಲ್ಲ, ಬೇರೆ ದೇಶದ ಪಾಸ್‌ಪೋರ್ಟ್ ಸಿಕ್ಕರೂ ಹೋಗುವುದಿಲ್ಲ ಎಂದು ನೂರು ಪ್ರಶ್ನೆಗೆ ಉತ್ತರ ಇಟ್ಟುಕೊಂಡಿದ್ದವರು. ಈ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ.

“ಬಿಡಬಹುದು,” ಎಂದರು ಕೊನೆಗೆ. “ತನ್ನದನ್ನು ತಾನು ಬಿಡಬಹುದು.”

“ಅಮ್ಮಾ, ಒಂದು ನಿಮಿಷ ಯೋಚನೆ ಮಾಡು,” ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. “ಆಮೇಲೆ ನಿನ್ನನ್ನ...”

“ನೀನು ಸುಮ್ನಿರು. ಅವನನ್ನ ಇಟ್ಟಿಗೆ ಆಚೆ ಇಡಿ. ನಿಮ್ಮಪ್ಪನ್ನ ಅಲುಗಿಸಬೇಡಿ. ಅವರಿಗೆ ನಿದ್ದೆ ಕೆಡಿಸಿದ್ರೆ ಆಗ್ತಿರಲಿಲ್ಲ.” ಆಮೇಲೆ ರುವೈದಾಳ ಕಡೆ ತಿರುಗಿ, “ಗೊರಕೆ ಹೊಡೀತಿದ್ನಾ ನಿನ್ನ ಗಂಡ?” ಎಂದು ಕೇಳಿದಳು.

“ಹೊಡೀತಿದ್ರು.”

“ನಮ್ಮವರೂ ಅಷ್ಟೇ. ಇಬ್ಬರದೂ ಸರಿಹೋಗತ್ತೆ.”

ರುವೈದಾ ಅಲ್ಲಿಯವರೆಗೆ ಎತ್ತಿಟ್ಟುಕೊಂಡಿದ್ದ ಅಳು ಆಗ ಹೊರಗೆ ಬಂತು. ಅಮ್ಮನ ಮಡಿಲಲ್ಲಿ ತಟ್ಟೆ ಮಗುಚಿತು, ಆರಿಸಿದ್ದೂ ಆರಿಸದ್ದೂ ಎಲ್ಲ ನೆಲದ ಪಾಲಾಯಿತು. ಮೇಷ್ಟರು ಹೊರಗೆ ಹೋಗಿ ಮುಖ ತಿರುಗಿಸಿಕೊಂಡು ನಿಂತರು.

ಗೋರಿ ಅಗೆಯುವ ಹಸೂನನ ಜೊತೆ ನಾನೇ ಗುಂಡಿಗಿಳಿದೆ. ಮೇಲಿನ ಚಪ್ಪಡಿ ಸರಿಸಿದಾಗ ಸಮುದ್ರದ ಉಪ್ಪಿನ ವಾಸನೆಯೊಂದೇ ಬಂತು. ಅಮ್ಮನ ಬದಿ ಅವಳು ಹೇಳಿದ ಹಾಗೇ ಇತ್ತು, ಒಣ ಮರಳು, ಒಂದು ಬೇರೂ ಇಲ್ಲ. ನಡುವಿನ ಇಟ್ಟಿಗೆ ಸಾಲು ಮಾತ್ರ ಯಾವತ್ತೋ ಕುಸಿದಿತ್ತು. ಅಪ್ಪನ ಪೆಟ್ಟಿಗೆಯ ಹಲಗೆ ಪುಡಿಯಾಗಿ, ಅವರ ಒಂದು ತೋಳು ಅಮ್ಮನ ಜಾಗಕ್ಕೆ ಜಾರಿ ಬಂದಿತ್ತು.

ಹಸೂನ ನನ್ನ ಮುಖ ನೋಡಿದ. ಅಲುಗಿಸದೆ ವಿಧಿಯಿರಲಿಲ್ಲ. ನಾನು ಕೂತು ಒಂದೊಂದಾಗಿ ಎತ್ತಿದೆ. ಮನೆಗೆ ಬಂದರೆ ನಾವು ಮಕ್ಕಳೆಲ್ಲ ಹೆದರಿ ಗೋಡೆಗೆ ಅಂಟಿಕೊಳ್ಳುತ್ತಿದ್ದ ಆ ಮನುಷ್ಯನ ತೋಳು ಒಣ ಕಡ್ಡಿಯಷ್ಟು ಹಗುರ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲಾರೆ. ಐನ್ ಸುಮ್ಮಾಕ್ ಇಲ್ಲಿಂದ ಒಂದು ಬಸ್ಸು ಹತ್ತಿದರೆ ಬೆಳಗಿನ ತಿಂಡಿಯ ಹೊತ್ತಿಗೆ ತಲುಪುವಷ್ಟು ಹತ್ತಿರ. ಖಬರಸ್ತಾನದ ಮೇಲ್ತುದಿಯಲ್ಲಿ ನಿಂತರೆ ಗಡಿಯ ಗುಡ್ಡ ಕಾಣುತ್ತದೆ. ಅಷ್ಟು ಹತ್ತಿರದ ಊರಿಗೆ ಹೋಗಲು ಈ ಮನುಷ್ಯ ಬದುಕಿದ್ದಾಗಲೂ ಕಾದ, ಸತ್ತ ಮೇಲೂ ಕಾಯುತ್ತಿದ್ದಾನೆ. ಎಲ್ಲವನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿ ಅವರ ಬದಿಗೆ ಇಟ್ಟು, ಇಟ್ಟಿಗೆ ಮತ್ತೆ ಜೋಡಿಸಿದೆ.

ನಮ್ಮಲ್ಲಿ ಹೆಂಗಸರು ಶವ ಹೊತ್ತ ಜನಾಜಾದ ಹಿಂದೆ ಬರುವುದಿಲ್ಲ. ಆ ದಿನ ಇಬ್ಬರು ಬಂದು ಖಬರಸ್ತಾನದ ಗೇಟಿನ ಹೊರಗೆ ನಿಂತಿದ್ದರು. ಯಾರೂ ಬೇಡವೆನ್ನಲಿಲ್ಲ. ನಾನು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಅಮ್ಮ ಕಬ್ಬಿಣದ ಸರಳು ಹಿಡಿದುಕೊಂಡು ಕೇಳಿದಳು.

“ಇದ್ದಾರಾ?”

“ಇದ್ದಾರೆ.”

“ಹೇಗಿದ್ದಾರೆ?”

“ಹಾಗೇ ಇದ್ದಾರಮ್ಮ. ಇಟ್ಟ ಹಾಗೇ.”

ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ, ಅವಳಿಗೇ ಗೊತ್ತು.

ಮಾಮೂನನನ್ನು ಇಳಿಸಿದೆವು. ಮಣ್ಣು ಎಳೆಯುವ ಮೊದಲು ಮೇಷ್ಟರು ಗೋರಿಯ ಬಾಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಇವನನ್ನೂ ಜೋಪಾನಕ್ಕೆ ಇಡುವುದೋ ಎಂದು ನನ್ನನ್ನು ಕೇಳಿದರು. ನಾನು ಗೇಟಿನ ಕಡೆ ನೋಡಿದೆ. ರುವೈದಾ ಅಲ್ಲಿಂದಲೇ ಹೂಂ ಎಂದು ತಲೆಯಾಡಿಸಿದಳು. ಮೇಷ್ಟರು ಮಣ್ಣಿಗೆ ಹೇಳಿದರು: ಇವನು ದೇರ್ ಖರ್ರೂಬಿನವನು, ನಿನ್ನವನಲ್ಲ. ದಾರಿ ತೆರೆದ ದಿನ ಬಂದು ಎತ್ತಿಕೊಂಡು ಹೋಗುತ್ತೇವೆ. ಅಲ್ಲಿಯವರೆಗೆ ಜೋಪಾನ ಎಂಬುದನ್ನು ಎರಡು ಸಲ ಹೇಳಿದರು. ಎಷ್ಟು ಜನರನ್ನು ಹೀಗೆ ಮಣ್ಣಿಗೆ ಒಪ್ಪಿಸಿದ್ದಾರೋ, ಹಾಗೆ ಎರಡು ಸಲ ಹೇಳಿದ್ದನ್ನು ಅವತ್ತೇ ಮೊದಲು ಕೇಳಿದೆ.

“ಯಾರು ಬರ್ತಾರೆ ಇವರನ್ನ ಎತ್ಕೊಂಡು ಹೋಗೋಕೆ? ನಮಗೆ ಮಕ್ಕಳೂ ಇಲ್ಲ,” ಎಂದಳು ರುವೈದಾ, ಮನೆಗೆ ಹೊರಟಾಗ.

“ನಮ್ಮವರನ್ನ ಒಯ್ಯೋಕೆ ನನ್ನ ಮೊಮ್ಮಕ್ಕಳು ಬರ್ತಾರಲ್ಲ. ನಿನ್ನವನನ್ನೂ ಹತ್ತಿಸಿಕೊಳ್ತಾರೆ. ದಾರೀಲಿ ದೇರ್ ಖರ್ರೂಬಿನಲ್ಲಿ ಇಳಿಸಿ ಮುಂದೆ ಹೋದ್ರಾಯ್ತು,” ಎಂದಳು ಅಮ್ಮ.

ಸಫದ್ ಎಲ್ಲಿ, ಅಕ್ಕಾದ ಪಕ್ಕದ ನಮ್ಮೂರೆಲ್ಲಿ. ಆ ದಾರಿ ಬೇರೆ, ಈ ದಾರಿ ಬೇರೆ. ಮೇಷ್ಟರು ಭೂಗೋಳವನ್ನೂ ಕಲಿಸಿದವರು, ಅವರೂ ಹೂಂ ಎಂದರು, ನಾನೂ ಹೂಂ ಎಂದೆ.

ಅಮ್ಮನನ್ನು ನೋಡಿ ಬೇರೆಯವರ ಮನಸ್ಸು ಕರಗಿತು, ಒಬ್ಬೊಬ್ಬರಾಗಿ ಬಂದು ತಮ್ಮವರ ಗೋರಿ ತೆರೆಯಲು ಒಪ್ಪಿದರು ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಯಾರೂ ಬರಲಿಲ್ಲ. ಸಂತಾಪದ ಮೂರು ದಿನ ಗ್ಯಾರೇಜಿನ ಮುಂದೆ ಕಹಿ ಕಾಫಿ ಕುಡಿದು, ನಿಮ್ಮ ತಾಯಿಯಂಥವರು ಇನ್ನಿಲ್ಲ ಎಂದು ನನ್ನ ಬೆನ್ನು ತಟ್ಟಿ ಹೋದರು. ಪಕ್ಕದ ಪೇಟೆಯ ಆ ಮುದುಕಿಯ ಮಗನಂತೂ, ತನ್ನ ತಾಯಿಯ ಗೋರಿಗೆ ಹೊಸದಾಗಿ ಸಿಮೆಂಟು ಬಳಿಸಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವತ್ತಿನವರೆಗೆ ನಾನೂ ಅವನ ಥರವೇ ಇದ್ದವನು.

ಮೂರನೆಯ ದಿನ ಸಂಜೆ ಅಮ್ಮನನ್ನು ಕೈ ಹಿಡಿದು ಮನೆಗೆ ಕರಕೊಂಡು ಬರುತ್ತಿದ್ದೆ. ಸಂದಿಯಲ್ಲಿ ಮೇಲಿನ ವೈರುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ನಿಧಾನಕ್ಕೆ ನಡೆಯುತ್ತಿದ್ದಳು.

“ಲುತ್ಫಿ.”

“ಏನಮ್ಮ?”

“ಈಗ ನಂಗೆ ಇಲ್ಲಿ ಜಾಗ ಇಲ್ಲ ಅಲ್ವಾ?”

“ಯಾಕಿಲ್ಲ? ನೋಡೋಣ. ಗೋಡೆ ಹತ್ರ ಎಲ್ಲಾದ್ರೂ...”

“ಗೋಡೆ ಹತ್ರ ಮುಗೀತು ಅಂತ ನೀನೇ ಹೇಳಿದ್ದೆ.”

ವೈರಿನ ನೀರು ಬೀಳದ ಹಾಗೆ ಅವಳನ್ನು ಬದಿಗೆ ಸರಿಸಿದೆ. ಅವಳು ಗೋಡೆಗೆ ಕೈಕೊಟ್ಟು ಸುಧಾರಿಸಿಕೊಂಡಳು.

“ಹಾಗಾದ್ರೆ ಬದುಕಿರುವಾಗ್ಲೇ ಹೋಗಬೇಕು,” ಎಂದಳು.

ಎಂದಿನ ತಮಾಷೆ ಎಂದುಕೊಂಡು ನಾನು ನಕ್ಕೆ. ಅವಳು ನಗುತ್ತಿರಲಿಲ್ಲ.

“ನಗೋದೇನಿದೆ? ಸತ್ತು ಹೋಗೋದನ್ನ ಬಿಟ್ಟುಕೊಟ್ಟೆ. ಬದುಕಿ ಹೋಗೋದನ್ನ ಯಾರಿಗೂ ಕೊಟ್ಟಿಲ್ಲ. ಅದು ಪೇಪರಲ್ಲೂ ಇದೆ, ಇಡೀ ಲೋಕ ಕೂತು ಬರೆದಿದೆ ಅಂತ ನೀವೇ ಹೇಳ್ತೀರ. ನಾಳೆ ಬೆಳಿಗ್ಗೆ ಮೇಷ್ಟರನ್ನ ಕೇಳು. ಹೋಗ್ತೀನಿ ಅನ್ನೋರು ಎಲ್ಲಿ ಹೋಗಿ ಹೇಳಬೇಕು, ಯಾವ ಆಫೀಸು, ಯಾವ ಕಿಟಕಿ. ನನ್ನನ್ನ ಕರ್ಕೊಂಡು ಹೋಗಿ ಆ ಕಿಟಕಿ ಮುಂದೆ ನಿಲ್ಲಿಸು, ಸಾಕು. ಮಿಕ್ಕಿದ್ದು ನಾನು ಮಾತಾಡ್ಕೊಳ್ತೀನಿ.”

ಅಂಥ ಕಿಟಕಿ ಈ ಊರಲ್ಲಿಲ್ಲ, ಈ ದೇಶದಲ್ಲಿಲ್ಲ, ಆ ಪೇಪರು ಬರೆದವರ ಕಟ್ಟಡದಲ್ಲೂ ಇಲ್ಲ. ನನ್ನ ಅಂಗಡಿಯ ಗೋಡೆಯ ಮೇಲಿರುವುದನ್ನು ಹಿಡಿದುಕೊಂಡು ಹೋಗಿ ನಿಲ್ಲಲು ಭೂಮಿಯ ಮೇಲೆ ಒಂದು ಸರದಿ ಸಾಲೂ ಇಲ್ಲ. ಅದನ್ನು ಅವಳಿಗೆ ಹೇಳಬೇಕಿತ್ತು.

“ಕೇಳ್ತೀನಮ್ಮ,” ಎಂದೆ.

“ಬೇಗ ಕೇಳು,” ಎಂದಳು ಅವಳು.